ಪಾಯಿಂಟ್ ಅಳತೆ

ಹೆಗಲಿಂದ ತುದಿಗೆ ಹತ್ತೂವರೆ, ತುದಿಯಿಂದ ತುದಿಗೆ ಏಳೂಕಾಲು.
ನಮ್ಮಲ್ಲಿ ಅದಕ್ಕೆ ಪಾಯಿಂಟ್ ಅಂತಾರೆ,
ತೊಟ್ಟು ಅನ್ನೋ ಮಾತು ಟೈಲರ್ ಅಂಗಡೀಲಿ ಹುಟ್ಟೋದಿಲ್ಲ.
ಗುಟ್ಟಹಳ್ಳಿಯಲ್ಲಿ, ಹಿಟ್ಟಿನ ಗಿರಣಿಗೆ ಬೆನ್ನು ಕೊಟ್ಟ
ಆರಡಿ ಅಗಲದ ಮಳಿಗೆ. ಇಪ್ಪತ್ತೆಂಟು ವರ್ಷ
ಪರದೆ ಎಳೆದು, ಟೇಪು ಸುತ್ತಿ
ಕೇಳಿದ್ದು ಒಂದೇ ಪ್ರಶ್ನೆ:
ಬಿಗಿ ಬೇಕಾ, ಸಡಿಲ ಇರಲಾ?

ಮೊದಲು ಕಂಡಿದ್ದು ಲೈನಿಂಗಿನಲ್ಲಿ.
ಕಡಲೆಕಾಳಿನಷ್ಟು ಕಲೆ, ಎಡಗಡೆ.
ಒಗೆದೆ. ಮತ್ತೆ ಬಂತು.
ಮೆಷಿನ್ ಎಣ್ಣೆ ಇರಬೇಕು ಅಂದುಕೊಂಡೆ,
ಎಣ್ಣೆ ಹೀಗೆ ಒಣಗಿ ಹೊಪ್ಪಳೆ ಕಟ್ಟಲ್ಲ ಅಂತ ಗೊತ್ತಿದ್ದೂ.
ಚಿಕ್ಕಪೇಟೆಯಲ್ಲಿ ಮ್ಯಾಚಿಂಗ್ ಹುಡುಕೋ ಹಾಗೆ
ದಾರದ ರೀಲುಗಳ ಪಕ್ಕ ಹಿಡಿದು ನೋಡಿದೆ.
ಗಿಳಿಯಲ್ಲ, ಪಾಚಿಯಲ್ಲ,
ಮೆಹೆಂದಿಗೆ ಹತ್ತಿರ, ಅಂಚಲ್ಲಿ ಕಪ್ಪು.
ಹಾಲು ಬಿಡಿಸಿ ಇಪ್ಪತ್ತೆರಡು ವರ್ಷವಾದ ಎದೆ,
ಅದರ ಬಣ್ಣದ ದಾರ ನನ್ನ ಡಬ್ಬದಲ್ಲಿರಲಿಲ್ಲ.

ಆಮೇಲೆ ನೋವು.
ಚುಚ್ಚೋದಲ್ಲ, ಸೂಜಿ ನನಗೆ ಗೊತ್ತು.
ಇಸ್ತ್ರಿಪೆಟ್ಟಿಗೆ ಎತ್ತಿದ ಮೇಲೂ ಬಟ್ಟೆಯಲ್ಲಿ ಕೂತಿರುತ್ತಲ್ಲ
ಆ ಥರದ ಬಿಸಿ.
ತೊಟ್ಟಿನ ಸುತ್ತ ಕೆಂಪು, ಒತ್ತಿದರೆ ಅಡೀಲಿ ಒಂದು ಹುಣಸೆಬೀಜ.
ಹುಕ್ಕು ಹಾಕ್ತಾ ಕೂತಿದ್ದ ತಸ್ಲೀಮಾ ಕೇಳಿದಳು
ಅಕ್ಕಾ, ಎಡಗೈ ಯಾಕೆ ಎತ್ತಲ್ಲ ನೀವು?
ಏನಿಲ್ಲ ಕಣೆ, ಉಷ್ಣ.
ಉಷ್ಣಕ್ಕೆ ಎಳನೀರು. ಉಷ್ಣಕ್ಕೆ ನೆತ್ತಿಗೆ ಹರಳೆಣ್ಣೆ.
ರಾತ್ರಿ ಬಚ್ಚಲಲ್ಲಿ ಹಲ್ಲು ಕಚ್ಚಿ ಹಿಂಡಿದೆ,
ಪೇಸ್ಟಿನ ಹಾಗೆ ಬಂತು.
ಹಿಂಡಬಾರದಿತ್ತಂತೆ.

ಗಿರಾಕಿ ಇಲ್ಲದ ಒಂದು ಮಂಗಳವಾರ
ಪರದೆ ಎಳೆದು ಟೇಪು ನನಗೇ ಹಿಡಿದೆ.
ಬಲಕ್ಕೆ ಹತ್ತೂವರೆ.
ಎಡಕ್ಕೆ
ತುದಿಯೇ ಇಲ್ಲ.
ಒಳಕ್ಕೆ ಸರಿದು, ಅಡ್ಡ ಸೀಳಿಕೊಂಡು ಮಲಗಿತ್ತು
ಗುಂಡಿ ಬಿದ್ದುಹೋದ ಕಾಜದ ಹಾಗೆ.

ಕಿದ್ವಾಯಿ ಅನ್ನೋದು ನಮ್ಮ ಬೀದೀಲಿ ಆಸ್ಪತ್ರೆಯ ಹೆಸರಲ್ಲ.
ಅವಳು ಕಿದ್ವಾಯಿಯಂತೆ, ಅಂದರೆ ಅಷ್ಟೇ,
ಮುಂದಕ್ಕೆ ಯಾರೂ ಕೇಳೋದಿಲ್ಲ.
ಹನ್ನೊಂದು ದಿನ ಆ ಹೆಸರು ನುಂಗಿಕೊಂಡು ಮೆಷಿನ್ ತುಳಿದೆ.
ರಿಟೈರಾದ ನರ್ಸು ಫಿಲೋಮಿನಾ ಸಿಸ್ಟರ್
ತೋಳು ಬಿಗಿ ಅಂತ ರವಿಕೆ ವಾಪಸ್ ತಂದವರು
ನನ್ನ ಮುಖ ನೋಡಿ, ಪರದೆ ತಾವೇ ಎಳೆದರು.
ಹೆಸರು ಆಮೇಲೆ ಇಡೋಣ ಮುನಿರತ್ನಾ, ಮೊದಲು ತೋರಿಸು.

ತಣ್ಣನೆ ಜೆಲ್ಲಿ. ಕಪ್ಪು ಪರದೆ ಮೇಲೆ ಬೂದು ಕೊಳವೆಗಳು.
ನನ್ನ ಮಗಳಿಗಿಂತ ಚಿಕ್ಕ ಡಾಕ್ಟರು
ಬೆರಳಿಟ್ಟು ತೋರಿಸಿದಳು: ಹಾಲಿನ ನಾಳ ಹಿಗ್ಗಿದೆ,
ಒಳಗಿನದು ಕಟ್ಟಿಕೊಂಡು ಉರಿಯೂತ ಆಗಿದೆ.
ಬೀಡಿ, ಸಿಗರೇಟು ಏನಾದ್ರೂ?
ನಗಬೇಕಿತ್ತು ನಾನು.
ದೀಪಾವಳಿ ಆರ್ಡರಿನ ರಾತ್ರಿಗಳಲ್ಲಿ
ನಿದ್ದೆ ಓಡಿಸೋಕೆ, ತಾರಸಿ ನೀರಿನ ಟ್ಯಾಂಕಿನ ಹಿಂದೆ,
ಒಂದು, ಆಮೇಲೆ ದಿನಕ್ಕೆ ಆರು.
ಹ್ಞೂಂ ಅಂದೆ.
ಫಿಲೋಮಿನಾ ಸಿಸ್ಟರ್ ಗೋಡೆಯ ಕ್ಯಾಲೆಂಡರು ನೋಡಿದರು.

ಕ್ಯಾನ್ಸರ್ ಅಲ್ಲ.
ಆದರೆ ಅಲ್ಲ ಅನ್ನೋಕೆ ಅವರಿಗೂ
ಒತ್ತಿ ನೋಡಬೇಕಾಯ್ತು, ಚಿತ್ರ ತೆಗೀಬೇಕಾಯ್ತು,
ಸೂಜಿ ಹಾಕಿ ಚೂರು ಎಳೀಬೇಕಾಯ್ತು.
ಹೊರಗಿಂದ ಎರಡೂ ಒಂದೇ ಥರ ಕಾಣ್ತವೆ ಅಮ್ಮಾ,
ಮನೇಲಿ ಕೂತು ತೀರ್ಮಾನ ಮಾಡೋದಲ್ಲ ಇದು.
ಮಾತ್ರೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ.
ಮೂರು ತಿಂಗಳಿಗೆ ಮತ್ತೆ ಬರೋದು.

ಅಳತೆ ಪುಸ್ತಕದಲ್ಲಿ ಇಡೀ ವಾರ್ಡಿನ ಹೆಂಗಸರಿದ್ದಾರೆ,
ನನ್ನ ಪುಟ ಇರಲಿಲ್ಲ. ಬರೆದೆ.
ಬಲ ಹತ್ತೂವರೆ. ಎಡಕ್ಕೆ ಒಂದು ಅಡ್ಡಗೆರೆ, ತಾರೀಖು.

ಈಗ ಪರದೆಯೊಳಗೆ ಇನ್ನೊಂದು ಪ್ರಶ್ನೆ ಕೇಳ್ತೀನಿ:
ಲೈನಿಂಗಿಗೆ ಕಲೆ ಏನಾದ್ರೂ ಆಗುತ್ತಾ?
ಒಬ್ಬಳು ಬೈದು, ಬಟ್ಟೆ ಕಿತ್ತುಕೊಂಡು ಹೋದಳು.
ಒಬ್ಬಳು ನಕ್ಕಳು.
ನಿನ್ನೆ ಬಂದ ಬ್ಯಾಂಕಿನ ಹುಡುಗಿ
ಸೆರಗು ಸರಿಮಾಡಿಕೊಳ್ತಾ, ನೆಲ ನೋಡ್ತಾ ಅಂದಳು:
ಏನಿಲ್ಲ ಆಂಟಿ, ಉಷ್ಣ.

ಟೇಪು ನನ್ನ ಕೈಯಲ್ಲೇ ಇತ್ತು.